ಮಂಡಳಿಮೀಮಾಂಸೆ: ಒಂದು ಪ್ರವೇಶಿಕೆ

ಬೆಳೆಯ ಮಾರಾಟವನ್ನು ನೋಡಿಕೊಳ್ಳಲು ಸರ್ಕಾರಗಳು ರಚಿಸುವ ಮಂಡಳಿ, ಸಮಿತಿ, ಪರಿಷತ್ತುಗಳ ಸ್ವರೂಪವೇನೆಂಬುದನ್ನು ನಮ್ಮ ದರ್ಶನಕಾರರಾರೂ ವಿಚಾರಿಸದೆ ಹೋದದ್ದು ಶಾಸ್ತ್ರಲೋಕಕ್ಕಾದ ನಷ್ಟವೇ ಸರಿ. ದ್ರವ್ಯ, ಗುಣ, ಕರ್ಮ ಎಂದು ಪದಾರ್ಥಗಳನ್ನೆಣಿಸಿದ ವೈಶೇಷಿಕರು ಮಂಡಳಿಯನ್ನು ಕೈಬಿಟ್ಟದ್ದಕ್ಕೆ, ಅದರಲ್ಲಿ ದ್ರವ್ಯವು ಯಥೇಚ್ಛವಾಗಿದ್ದರೂ ಗುಣಕರ್ಮಗಳು ಸುಲಭವಾಗಿ ಗೋಚರಿಸುವುದಿಲ್ಲವೆಂಬುದೇ ಕಾರಣವಿರಬೇಕು. ಈ ಕೊರತೆಯನ್ನು ತುಂಬಲು ಅಮೆರಿಕ ಸಂಯುಕ್ತ ಸಂಸ್ಥಾನವು ಒದಗಿಸುವಷ್ಟು ಸಾಮಗ್ರಿಯನ್ನು ಬೇರಾವ ದೇಶವೂ ಒದಗಿಸದು. ಅಲ್ಲಿ ಒಣದ್ರಾಕ್ಷಿಗೊಂದು, ಅಣಬೆಗೊಂದು, ಪಾಪ್‌ಕಾರ್ನ್‌ಗೊಂದು, ಕಲ್ಲಂಗಡಿಗೊಂದು, ಕೊನೆಗೆ ಕ್ರಿಸ್‌ಮಸ್ ಮರಕ್ಕೂ ಒಂದು ಎಂಬಂತೆ ಸಮಿತಿಗಳೂ ಮಂಡಳಿಗಳೂ ಫಲಿಸಿವೆ.

ಮೊದಲು ಲಕ್ಷಣ. "ಬೆಳೆದವರ ಹಣದಿಂದ, ಬೆಳೆದವರ ಹೆಸರಿನಲ್ಲಿ, ಬೆಳೆಯದವರ ಅನುಮೋದನೆ ಪಡೆದು ನಡೆಯುವ ಸಭೆಯೇ ಮಂಡಳಿ" ಎಂದು ಹೇಳಬಹುದು. ಆದರೆ ಲಕ್ಷಣವು ಅನ್ವಯಿಸಬೇಕಾದಲ್ಲಿ ಅನ್ವಯಿಸದಿರುವ ಅವ್ಯಾಪ್ತಿದೋಷ ಇಲ್ಲಿ ಒಡನೆಯೇ ತಲೆದೋರುತ್ತದೆ. ಏಕೆಂದರೆ ಅಮೆರಿಕದ ರಾಷ್ಟ್ರೀಯ ಮಾವು ಮಂಡಳಿಯು ಹಣ್ಣನ್ನು ಬಹುಪಾಲು ಹೊರಗಿನಿಂದ ತರಿಸಿ ತಿನ್ನುವ ದೇಶದ ಮಾವು ಮಂಡಳಿಯಾಗಿದ್ದು, ಅದರಲ್ಲಿ ಆಮದುದಾರರಿಗೂ ಪರದೇಶದ ಬೆಳೆಗಾರರಿಗೂ ಪೀಠಗಳಿವೆ. ಅನ್ವಯಿಸಬಾರದಲ್ಲಿ ಅನ್ವಯಿಸುವ ಅತಿವ್ಯಾಪ್ತಿಯೂ ಇಲ್ಲದಿಲ್ಲ. ಇದೇ ಲಕ್ಷಣವು ನಮ್ಮ ಅನೇಕ ಊರುಗಳ ಜಾತ್ರಾ ಸಮಿತಿಗೂ ಒಪ್ಪುತ್ತದೆ.

ಮಂಡಳಿಗಳಲ್ಲಿ ಎರಡು ಜಾತಿ. ಮೊದಲನೆಯದು ಶುದ್ಧ ಸಲಹೆಯದು, ಅಂದರೆ ಮಾತಿನ ಹೊರತು ಬೇರೆ ಸ್ವತ್ತಿಲ್ಲದ್ದು. 1972ರ ಸಲಹಾ ಸಮಿತಿ ಕಾಯಿದೆಯ ಪ್ರಕಾರ ಇಂಥದಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಆಯುಸ್ಸಿದ್ದು, ಸನ್ನದು ನವೀಕರಣವಾದರೆ ಪುನರ್ಜನ್ಮ, ಇಲ್ಲವಾದರೆ ಲಯ. ಎರಡನೆಯದು ವಂತಿಗೆಯುಳ್ಳದ್ದು. ಇದರಲ್ಲಿ ಬೆಳೆಗಾರರು ಅಥವಾ ವ್ಯಾಪಾರಿಗಳು ಪ್ರತಿ ಪೌಂಡಿಗೋ ಪ್ರತಿ ತಲೆಗೋ ಇಷ್ಟೆಂದು ಕಡ್ಡಾಯವಾಗಿ ಹಣ ಕಟ್ಟಬೇಕು. ಈ ಪದ್ಧತಿಯನ್ನು ಆ ದೇಶದಲ್ಲಿ ಚೆಕ್‌ಆಫ್ ಎನ್ನುತ್ತಾರೆ. ಸದಸ್ಯರ ಹೆಸರನ್ನು ಉದ್ಯಮದವರು ಸೂಚಿಸಿದರೆ, ನೇಮಿಸುವವರು ಕೃಷಿ ಕಾರ್ಯದರ್ಶಿ, ಎಂದರೆ ನಮ್ಮಲ್ಲಿಯ ಕೃಷಿ ಮಂತ್ರಿಗೆ ಸಮಾನರಾದವರು. ಮಂಡಳಿಯ ಆಯವ್ಯಯವನ್ನೂ ಜಾಹೀರಾತನ್ನೂ ಪರಿಶೀಲಿಸುವುದು ಕೃಷಿ ಇಲಾಖೆಯಾಗಿದ್ದು, ಹಾಗೆ ಪರಿಶೀಲಿಸಿದ್ದಕ್ಕೆ ತಗಲುವ ವೆಚ್ಚವನ್ನು ಮಂಡಳಿಯೇ ಇಲಾಖೆಗೆ ಭರಿಸುತ್ತದೆ. ಕಾವಲಿನ ಸಂಬಳವನ್ನು ಕಾಯಲ್ಪಡುವವರೇ ಕೊಡುವ ಈ ವ್ಯವಸ್ಥೆಯ ಸೊಗಸು ಅರ್ಥಶಾಸ್ತ್ರದ ಕೌಟಿಲ್ಯನಿಗೂ ಹೊಳೆದಂತಿಲ್ಲ.

ಈಗ ಮುಖ್ಯ ಪ್ರಶ್ನೆ: ಮಂಡಳಿಗೂ ಸರ್ಕಾರಕ್ಕೂ ಇರುವ ಸಂಬಂಧ ಭೇದವೋ ಅಭೇದವೋ? ಜೀವಬ್ರಹ್ಮರ ವಿಷಯದಲ್ಲಿ ಇಂಥ ಪ್ರಶ್ನೆಯೊಂದನ್ನು ಬಗೆಹರಿಸಲು ನಮ್ಮ ಮೂವರು ಆಚಾರ್ಯರು ಎಂಟನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಕಾಲ ತೆಗೆದುಕೊಂಡರೆ, ಅಮೆರಿಕದ ಸುಪ್ರೀಂ ಕೋರ್ಟ್ ಎಂಟೇ ವರ್ಷಗಳಲ್ಲಿ, ಒಂದೇ ಪೀಠದಿಂದ, ಮೂರೂ ದರ್ಶನಗಳನ್ನು ಪ್ರತಿಪಾದಿಸಿ ಮುಗಿಸಿತು.

1997ರಲ್ಲಿ ಬಂದದ್ದು ವಿಶಿಷ್ಟಾದ್ವೈತ. ಕ್ಯಾಲಿಫೋರ್ನಿಯಾದ ಪೀಚ್, ಪ್ಲಮ್, ನೆಕ್ಟರಿನ್ ಹಣ್ಣುಗಳ ವ್ಯಾಪಾರಿಗಳು ತಮ್ಮ ಹಣದಲ್ಲಿ ಎಲ್ಲರ ಹಣ್ಣಿಗೂ ಸೇರಿಸಿ ಜಾಹೀರಾತು ಕೊಡುವುದೇಕೆಂದು ಆಕ್ಷೇಪಿಸಿದಾಗ, ಜಾಹೀರಾತೆಂಬುದು ಸ್ವತಂತ್ರ ವಸ್ತುವಲ್ಲ, ವಿಶಾಲವಾದ ನಿಯಂತ್ರಣ ವ್ಯವಸ್ಥೆಗೆ ಅಂಟಿಕೊಂಡ ವಿಶೇಷಣ, ಶರೀರಿಯಿದ್ದಲ್ಲಿ ಶರೀರವೂ ಇರತಕ್ಕದ್ದೇ ಎಂಬರ್ಥದ ತೀರ್ಪು ಐದಕ್ಕೆ ನಾಲ್ಕರಂತೆ ಹೊರಬಿತ್ತು. 2001ರಲ್ಲಿ ಅಣಬೆಯಿಂದಾಗಿ ದ್ವೈತವು ಉದಯಿಸಿತು. ಅಣಬೆಗೆ ಅಂಥ ವಿಶಾಲ ವ್ಯವಸ್ಥೆಯೇನೂ ಇರದೆ ವಂತಿಗೆಯ ಬಹುಭಾಗ ಜಾಹೀರಾತಿಗೇ ಹೋಗುತ್ತಿದ್ದುದರಿಂದ, ಮಂಡಳಿಯ ಮಾತು ಬೇರೆ, ಬೆಳೆಗಾರನ ಮನಸ್ಸು ಬೇರೆ, ಒಬ್ಬನ ಜೇಬಿನಿಂದ ಇನ್ನೊಬ್ಬನ ಮಾತಿಗೆ ಬಲವಂತವಾಗಿ ಹಣ ತೆಗೆಯಲಾಗದು ಎಂದಾಯಿತು. ಆ ಮಾತು ಸರ್ಕಾರದ್ದೇ ಎಂದು ಸಾಧಿಸಬಹುದಿತ್ತಾದರೂ, ಆ ವಾದವನ್ನು ಕೆಳಗಿನ ನ್ಯಾಯಾಲಯದಲ್ಲಿ ಎತ್ತಿರಲಿಲ್ಲವೆಂಬ ಕಾರಣಕ್ಕೆ ಕೋರ್ಟು ಅದನ್ನು ಪರಿಗಣಿಸಲಿಲ್ಲ. ಪೂರ್ವಪಕ್ಷವನ್ನು ಸಕಾಲದಲ್ಲಿ ಮಂಡಿಸದವನಿಗೆ ಮೋಕ್ಷವಿಲ್ಲ.

ನಾಲ್ಕು ವರ್ಷಗಳ ಬಳಿಕ ದನದ ಮಾಂಸದ ಪ್ರಕರಣದಲ್ಲಿ ಆ ಪಾಠ ಫಲ ಕೊಟ್ಟಿತು. ಮಾರಾಟವಾದ ಪ್ರತಿ ತಲೆಗೆ ಒಂದು ಡಾಲರ್ ಕಟ್ಟುತ್ತಿದ್ದ ಪಶುಪಾಲಕರಲ್ಲಿ ಕೆಲವರು, ಅಮೆರಿಕದ್ದೇ ಮಾಂಸವನ್ನು ಮೆರೆಸಬೇಕಾದ ಹಣವು ಮಾಂಸಮಾತ್ರವನ್ನು ಮೆರೆಸಲು ಖರ್ಚಾಗುತ್ತಿದೆಯೆಂದು ಕೋರ್ಟಿಗೆ ಹೋದರು. ಜಾಹೀರಾತಿನಲ್ಲಿ ಅಮೆರಿಕದ ಮಾಂಸ ಉತ್ಪಾದಕರ ಹೆಸರಿದ್ದರೂ ಅದರ ಅಂತಿಮ ಒಪ್ಪಿಗೆ ಕಾರ್ಯದರ್ಶಿಯದಾದ್ದರಿಂದ ಅದು ಸಾಕ್ಷಾತ್ ಸರ್ಕಾರದ ವಾಣಿಯೆಂದೂ, ಸರ್ಕಾರದ ವಾಣಿಗೆ ಹಣ ಕೊಡಲಾರೆನೆಂದು ಪ್ರಜೆಯು ಹೇಳಲು ಬಾರದೆಂದೂ 2005ರಲ್ಲಿ ನಿರ್ಣಯವಾಯಿತು. ರಾತ್ರಿಯೂಟಕ್ಕೆ ಏನು ಮಾಡಬೇಕೆಂದು ಗೃಹಸ್ಥರಿಗೆ ಸೂಚಿಸುತ್ತಿದ್ದ ದನಿ ಯಾರದೆಂಬ ಸಂಶಯ ಹೀಗೆ ನೀಗಿ, ಉತ್ಪಾದಕರ ಹೆಸರೆಂಬ ಉಪಾಧಿ ಕಳಚಿ, ಶುದ್ಧ ಅದ್ವೈತವು ಸಿದ್ಧಿಸಿತು.

ಮೂರು ದರ್ಶನಗಳನ್ನು ಕಂಡ ಮೇಲೂ ಒಣದ್ರಾಕ್ಷಿಯು ತತ್ತ್ವಜಿಜ್ಞಾಸುವನ್ನು ಕಾಡುತ್ತದೆ. 1937ರ ಕಾಯಿದೆಯಡಿ 1949ರಲ್ಲಿ ಹೊರಟ ಆದೇಶದಿಂದ ಹುಟ್ಟಿದ ಒಣದ್ರಾಕ್ಷಿ ಆಡಳಿತ ಸಮಿತಿಯು, ಬೆಲೆ ಕುಸಿಯದಂತೆ ನೋಡಿಕೊಳ್ಳಲು ಆಯಾ ವರ್ಷದ ಫಸಲಿನಲ್ಲಿ ಇಂತಿಷ್ಟು ಪಾಲನ್ನು 'ಮೀಸಲು' ಎಂದು ಬೇರ್ಪಡಿಸಿ ತಾನೇ ವಿಲೇವಾರಿ ಮಾಡುತ್ತಿತ್ತು. ಸಮಿತಿಯಲ್ಲಿದ್ದ ಸದಸ್ಯರು 47 ಮಂದಿ. 2002-03ರ ಮೀಸಲು ಶೇಕಡ 47. ತಲೆಗೊಂದರಂತೆ ಹಂಚಿಕೊಂಡರೆಂದು ಅಲ್ಪಜ್ಞರು ಊಹಿಸಬಹುದಾದರೂ, ಮರುವರ್ಷ ಮೀಸಲು ಶೇಕಡ 30ಕ್ಕೆ ಇಳಿದಾಗಲೂ ಸದಸ್ಯಸಂಖ್ಯೆ ಇಳಿಯಲಿಲ್ಲವಾದ್ದರಿಂದ ಆ ಊಹೆ ನಿಲ್ಲದು. ಮೀಸಲನ್ನು ಮಾರಿ ಖರ್ಚು ಕಳೆದು ಉಳಿದದ್ದು ಬೆಳೆಗಾರನಿಗೆ ಸಲ್ಲಬೇಕೆಂಬ ವಿಧಿಯಿತ್ತು. ಆ ಎರಡು ವರ್ಷಗಳಲ್ಲಿ ಒಂದರಲ್ಲಿ ಉಳಿದದ್ದು ಬೆಳೆದ ಖರ್ಚಿಗಿಂತ ಕಡಿಮೆ, ಇನ್ನೊಂದರಲ್ಲಿ ಸೊನ್ನೆ. ಹೀಗಿರಲಾಗಿ ಮಾರ್ವಿನ್ ಹಾರ್ನ್ ಎಂಬ ಬೆಳೆಗಾರರು, ಮೀಸಲನ್ನು ಹೊತ್ತೊಯ್ಯಲು ಬೆಳಗ್ಗೆ ಎಂಟು ಗಂಟೆಗೆ ಬಂದ ಸರ್ಕಾರಿ ಲಾರಿಗಳನ್ನು ಒಳಗೆ ಬಿಡಲಿಲ್ಲ. ಸರಕಿನ ಬೆಲೆಯೆಂದು ಸುಮಾರು 4,80,000 ಡಾಲರ್, ದಂಡವೆಂದು ಮತ್ತೆ 2,00,000ಕ್ಕೂ ಮೇಲೆ ಅವರ ಮೇಲೆ ಬಿತ್ತು.

ಸರ್ಕಾರದ ವಾದ: ಇದು ಕಸಿದುಕೊಳ್ಳುವುದಲ್ಲ, ಮಾರುಕಟ್ಟೆಯ ನಿಯಮ, ಬೇಡವಾದವರು ದ್ರಾಕ್ಷಿಯನ್ನು ಒಣಗಿಸದೆ ಹಣ್ಣಾಗಿಯೋ ರಸವಾಗಿಯೋ ಮದ್ಯವಾಗಿಯೋ ಮಾರಬಹುದಿತ್ತು. ನ್ಯಾಯಮೂರ್ತಿಗಳಿಗೆ ಇದು ಸಮಾಧಾನದ ಮಾತಾಗಿ ಕಾಣಲಿಲ್ಲ. ಒಣದ್ರಾಕ್ಷಿಯು ಅಪಾಯದ ಕೀಟನಾಶಕವಲ್ಲ, ಆರೋಗ್ಯಕರ ತಿಂಡಿಯೆಂಬ ವಿಚಾರವನ್ನೂ ದಾಖಲಿಸಿ, ಪರಿಹಾರ ಕೊಡದೆ ಒಯ್ಯುವುದು ಸಂವಿಧಾನಕ್ಕೆ ವಿರುದ್ಧವಾದ ಸ್ವಾಧೀನವೇ ಎಂದು 2015ರಲ್ಲಿ ತೀರ್ಪಾಯಿತು.

ಇಲ್ಲಿ ಕನ್ನಡ ನಾಡಿನ ವಿದ್ವಾಂಸರು ಕಿವಿ ನಿಮಿರಿಸಬೇಕು. ಏಕೆಂದರೆ ಇದೇ ಪ್ರಶ್ನೆ ಇಪ್ಪತ್ತೇಳು ವರ್ಷ ಮೊದಲೇ ಬೆಂಗಳೂರಿನ ಕಾಫಿ ಬೋರ್ಡಿನ ಸಂದರ್ಭದಲ್ಲಿ ತೀರ್ಮಾನವಾಗಿದ್ದು, ಅದು ತಿರುವುಮುರುವಾಗಿದೆ. 1942ರ ಕಾಯಿದೆಯ ಮೇರೆಗೆ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರನು ಮನೆಯ ಬಳಕೆಗೂ ಬೀಜಕ್ಕೂ ಇಷ್ಟೆಂದು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೋರ್ಡಿನ 'ಪೂಲ್'ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಂದುಗೂಡಿಸುವ ದಾಸ್ತಾನಿಗೆ, ಒಪ್ಪಿಸಬೇಕಿತ್ತು. ಬೋರ್ಡು ಅದನ್ನು ಹರಾಜು ಹಾಕಿ, ಗುಣಮಟ್ಟದ ಅಂಕ ಲೆಕ್ಕ ಹಾಕಿ, ಕಂತುಕಂತಾಗಿ ಹಣ ಕೊಡುತ್ತಿತ್ತು. ಆಗ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಬಂದು, ನೀವು ಕಾಫಿ ಕೊಂಡದ್ದರಿಂದ ಖರೀದಿ ತೆರಿಗೆ ಕಟ್ಟಿ ಎಂದರು. ಬೋರ್ಡು ಕೊಟ್ಟ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆದಿಡಬೇಕು: ತಾನು ಕೊಂಡೇ ಇಲ್ಲ, ಕಾನೂನಿನ ಬಲದಿಂದ ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡಿದ್ದೇನೆ ಎಂಬುದು ಅದರ ವಾದ. 1988ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ, ಅದು ಮಾರಾಟವೇ, ತೆರಿಗೆ ಕಟ್ಟತಕ್ಕದ್ದೇ ಎಂದಿತು. ಹೀಗೆ ಒಂದು ದೇಶದಲ್ಲಿ ಸ್ವಾಧೀನವಲ್ಲವೆಂದು ವಾದಿಸಿದ ಸರ್ಕಾರಕ್ಕೆ ಸ್ವಾಧೀನವೇ ಎಂಬ ತೀರ್ಪೂ, ಇನ್ನೊಂದರಲ್ಲಿ ಸ್ವಾಧೀನವೇ ಎಂದು ವಾದಿಸಿದ ಬೋರ್ಡಿಗೆ ಸ್ವಾಧೀನವಲ್ಲವೆಂಬ ತೀರ್ಪೂ ದೊರೆತವು. ಪರಿಹಾರ ಕೇಳಿದವನ ಮುಂದೆ ಒಂದು ರೂಪ, ತೆರಿಗೆ ಕೇಳಿದವನ ಮುಂದೆ ಇನ್ನೊಂದು ರೂಪ ತಾಳುವ ಈ ವಸ್ತುವನ್ನು ಸತ್ ಎನ್ನಲೂ ಬಾರದು, ಅಸತ್ ಎನ್ನಲೂ ಬಾರದು. ಆದ್ದರಿಂದ ಮಂಡಳಿಯು ಅನಿರ್ವಚನೀಯವೆಂಬುದೇ ಸಿದ್ಧಾಂತ.

ಉಳಿದದ್ದು ಮುಕ್ತಿಯ ವಿಚಾರ. 1992ರಿಂದ ಸಡಿಲಗೊಳ್ಳುತ್ತ ಬಂದ ಕಾಫಿಯ ಪೂಲ್ 1996ರಲ್ಲಿ ಪೂರ್ತಿ ನಿಂತಿತು. ಕಾಫಿ ಬೋರ್ಡು ಸಂಶೋಧನೆ, ವಿಸ್ತರಣೆ, ಪ್ರಚಾರಗಳ ಕಾರ್ಯದಲ್ಲಿ ನಿರತವಾಗಿ ಡಾ. ಅಂಬೇಡ್ಕರ್ ಬೀದಿಯಲ್ಲೂ ಬಾಳೆಹೊನ್ನೂರಿನಲ್ಲೂ ಇದೆ. ತೀರ್ಪಿನಿಂದ ಮೀಸಲು ಹೋಯಿತು, ಒಣದ್ರಾಕ್ಷಿ ಸಮಿತಿ ಹೋಗಲಿಲ್ಲ. ಕರ್ಮ ಕ್ಷಯಿಸಿದ ಮೇಲೂ ಪ್ರಾರಬ್ಧವಶದಿಂದ ದೇಹ ನಿಂತಿರುವ ಈ ಸ್ಥಿತಿಯನ್ನು ಜೀವನ್ಮುಕ್ತಿಯೆಂದು ಗುರುತಿಸಬೇಕು. ಒಂದೇ ವ್ಯತ್ಯಾಸವೆಂದರೆ, ಪ್ರಾರಬ್ಧದ ವಾರ್ಷಿಕ ಖರ್ಚು ಅಲ್ಲಿ ವಂತಿಗೆಯಿಂದ ಬರುತ್ತದೆ, ಇಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದ ಅನುದಾನದಿಂದ.