ಉಸಿರಿಗೂ ರೀವ್ಯಾಲ್ಯುಯೇಷನ್

ಮಕ್ಕಳಿಗೆ ಯಾವ ಟೆಸ್ಟ್ ಅಂದರೂ ಸರಿ, ಅಪ್ಪಂದಿರಿಗೆ ಮಾರ್ಕ್ಸ್ ಹುಚ್ಚು ಕೆರಳುತ್ತದೆ. ನೀವೂ ಪಟ್ಟ ಪಾಡೇ ಅದು, ಬಿಡಿ. ಆಸ್ತಮಾ ಇರುವ ನನ್ನ ಮಗಳಿಗೆ ಖೋಖೋ ಆಡಿ ನಿಂತರೆ ಸಾಕು, ಕೆಮ್ಮು, ಗೊರಗೊರ. 'ಓಡಿಸಿ ನೋಡೋಣ, ಓಟಕ್ಕೆ ಮುಂಚೆ ಒಮ್ಮೆ, ಆಮೇಲೆ ಕೆಲವು ಸಲ ಊದಿಸಿ ಸ್ಪೈರೋಮೆಟ್ರಿ' ಎಂದರು ಡಾಕ್ಟರು. ಮಗಳನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿಸಿಯೇ ಸಿದ್ಧ ಎಂದು ನಾನು ಟೊಂಕ ಕಟ್ಟಿದೆ.

ಶುಭಾರಂಭಕ್ಕೆಂದು ನೀಲಿ ಇನ್ಹೇಲರಿನ ಪಫ್ ಕೊಟ್ಟೇ ಕರೆದೊಯ್ದೆ. ಅದರೊಳಗಿನ ಸಾಲ್‌ಬುಟಮಾಲ್ ಶ್ವಾಸನಾಳವನ್ನು ಮೊದಲೇ ಅಗಲಿಸಿಬಿಟ್ಟರೆ ಟೆಸ್ಟಿಗೆ ಉಳಿಯುವುದೇನು? 'ಕಾಪಿ ಹೊಡೆಸಿದ ಹಾಗಾಯ್ತಲ್ಲ ಸಾರ್!' ಟೆಕ್ನಿಷಿಯನ್ ನಗುತ್ತಲೇ ವಾಪಸ್ ಕಳಿಸಿದರು.

ಮುಂದಿನ ಸಲ ಪಫ್ ಮುಟ್ಟಲಿಲ್ಲ. ಪ್ರಾಕ್ಟೀಸ್ ಆಗಲಿ ಅಂತ ಲಿಫ್ಟ್ ಬಿಟ್ಟು ಮೆಟ್ಟಿಲ ಮೇಲೆ ಓಡಿಸಿದೆ. ಒಮ್ಮೆ ದಣಿದು ಬಿಗಿದ ಶ್ವಾಸನಾಳ ಕೆಲವು ಗಂಟೆ ಮತ್ತೆ ಅಷ್ಟು ಬಿಗಿಯುವುದಿಲ್ಲವಂತೆ! ಟೆಸ್ಟಿಗೆ 4 ಗಂಟೆ ಮುಂಚಿನಿಂದ ಓಡಬಾರದೆಂಬ ಚೀಟಿ ನನ್ನ ಜೇಬಿನಲ್ಲೇ ಬೆಚ್ಚಗೆ ಮಲಗಿತ್ತು. ಅವತ್ತೂ ವಾಪಸ್.

ಕೊನೆಗೂ ಊದುವ ಘಟ್ಟ ಬಂತು. ಎದೆ ತುಂಬ ಗಾಳಿ ಎಳೆದು, ರಭಸದಿಂದ, ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯ ಲೆಕ್ಕವೇ ಎಫ್‌ಇವಿ1. ಮಗಳು ಕಂಪ್ಯೂಟರಿನ ಪರದೆಯ ಮೇಲಿನ ಮೇಣದಬತ್ತಿಗಳನ್ನೆಲ್ಲ ಆರಿಸಿದಳು. ಪಕ್ಕದಲ್ಲಿ 'ಊದು, ಬಿಡಬೇಡ, ಊದು!' ಎನ್ನುತ್ತ ತಾನೂ ಊದಿ ತೋರಿಸುತ್ತಿದ್ದ ಈ ಅಪ್ಪನಿಗೆ ಕಣ್ಣು ಕತ್ತಲೆ ಬಂತು. ಮಗುವಿನ ಟೆಸ್ಟ್ ನಿಲ್ಲಿಸಿ ನನಗೆ ಕುರ್ಚಿ ಹಾಕಿ ನೀರು ಕುಡಿಸಿದರು.

ಆಮೇಲೆ ಟ್ರೆಡ್‌ಮಿಲ್. 6ರಿಂದ 8 ನಿಮಿಷ ಓಟ, ಮೂಗಿಗೆ ಕ್ಲಿಪ್. ಬಾಯಲ್ಲೇ ಏದುಸಿರು ಬಿಟ್ಟು ಶ್ವಾಸನಾಳ ಒಣಗಿದರೆ ತಾನೆ ಅದರ ಬಂಡವಾಳ ಗೊತ್ತಾಗುವುದು! ವಿಡಿಯೋ ತೆಗೆಯಲು ಹಿಂದೆ ಹಿಂದೆ ಸರಿದ ನಾನು, ಮೂಲೆಯಲ್ಲಿದ್ದ ಇನ್ನೊಂದು ಟ್ರೆಡ್‌ಮಿಲ್ ಹತ್ತಿದೆ. ಮೊಣಕೈ ಯಾವ ಗುಂಡಿಗೆ ತಾಗಿತೋ, ಅದೂ ಹೊರಟಿತು. ಚಪ್ಪಲಿ ಬಾಗಿಲ ಕಡೆ, ಫೋನು ಕಿಟಕಿ ಕಡೆ, ನಾನು ಗೋಡೆಯ ಕಡೆ.

ಓಟ ನಿಂತ ಮೇಲೆ ನಿಮಿಷ ಲೆಕ್ಕ ಹಾಕಿ ಮತ್ತೆ ಮತ್ತೆ ಊದಿಸಿದರು. ಎಫ್‌ಇವಿ1 ಇಳಿಯುತ್ತ ಇಳಿಯುತ್ತ ಓಟಕ್ಕೆ ಮುಂಚಿನದಕ್ಕಿಂತ ಶೇ 10ಕ್ಕೂ ಹೆಚ್ಚು ಕೆಳಗೆ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಡಾಕ್ಟರ ಮುಂದೆ ಕೈಮುಗಿದು ನಿಂತೆ: 'ಮೇಡಂ, ರೀವ್ಯಾಲ್ಯುಯೇಷನ್‌ಗೆ ಹಾಕಬಹುದಾ?'

'ಈ ಇಳಿತ ಹುಡುಕೋಕೇ ಅಲ್ವಾ ಇಷ್ಟು ಓಡಿಸಿದ್ದು! ಆಟಕ್ಕೆ 15 ನಿಮಿಷ ಮುಂಚೆ ಪಫ್, ಸ್ವಲ್ಪ ವಾರ್ಮಪ್. ಖೋಖೋ ಬಿಡೋದು ಬೇಡ' ಎಂದರು ಅವರು.

ಮಗಳು ಮೂಗಿನ ಕ್ಲಿಪ್ಪನ್ನು ಅವರ ಕೈಗಿಡುತ್ತ ಮೆಲ್ಲಗೆ ಕೇಳಿದಳು: 'ಮೇಡಂ, ಇದು ಅಪ್ಪನ ಬಾಯಿಗೆ ಆಗುತ್ತಾ?'