ಬಹುವೈದ್ಯಸಮಾಗಮ ಮೀಮಾಂಸೆ

ಶಾಸ್ತ್ರಗ್ರಂಥವೆಂದಮೇಲೆ ಆರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆ. ಅದನ್ನು ಮೀರುವ ಧಾರ್ಷ್ಟ್ಯ ನಮಗಿಲ್ಲ. ದೂರದ ಊರಿನಿಂದ ಚಿಕಿತ್ಸಾರ್ಥವಾಗಿ ಬಂದ ಒಬ್ಬ ರೋಗಿಗೆ, ಪರಸ್ಪರ ಮುಖಪರಿಚಯವಿಲ್ಲದ ಮೂವರು ನಾಲ್ವರು ವಿಶೇಷಜ್ಞರ ದರ್ಶನವನ್ನು, ಅವನ ಹಣ, ತಾಳ್ಮೆ, ಆಯುಷ್ಯ ಈ ಮೂರರಲ್ಲಿ ಒಂದಾದರೂ ಉಳಿದಿರುವಾಗಲೇ ಒದಗಿಸಿಕೊಡುವ ಬಗೆ ಹೇಗೆಂಬುದು ಇಲ್ಲಿನ ವಿಷಯ. ಪ್ರಯೋಜನವೆಂದರೆ ಅವನು ಊರಿಗೆ ಹಿಂತಿರುಗುವುದು. ಸಂಬಂಧವು ಇತರ ಶಾಸ್ತ್ರಗಳಲ್ಲಿ ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು. ಪ್ರಕೃತದಲ್ಲಿ ಅದು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆಯುಳ್ಳ ನಂಟ. ಇನ್ನು ಅಧಿಕಾರಿ: ವಿವೇಕ, ವೈರಾಗ್ಯ, ಶಮದಮಾದಿ ಸಂಪತ್ತುಗಳುಳ್ಳವನಾಗಿದ್ದು, ಆಸ್ಪತ್ರೆಯ ಸಮೀಪದ ಝೆರಾಕ್ಸ್ ಅಂಗಡಿ ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುವುದೆಂದು ಬಲ್ಲವನೇ ಈ ಶಾಸ್ತ್ರಾಧ್ಯಯನಕ್ಕೆ ಅಧಿಕಾರಿ.

ಅಂಥ ಅಧಿಕಾರಿಗಳು ಥಾಣೆಯಿಂದ ಕಲ್ಯಾಣದವರೆಗಿನ ಕನ್ನಡಿಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇದು ಅವರ ಪುಣ್ಯವಿಶೇಷವಲ್ಲ, ರೈಲ್ವೆಯ ನಕ್ಷೆಯ ಫಲ. 1941ರಲ್ಲಿ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಂದಿನಿಂದ ‘ಮುಂಬಯಿಗೆ ತೋರಿಸಿ ಬರುವುದು’ ಎಂಬುದು ನಮ್ಮ ನಾಡಿನ ಊರೂರುಗಳಲ್ಲಿ ಕಡೆಯ ಆಸೆಗೆ ಪರ್ಯಾಯಪದವಾಯಿತು. ಅದೇ ಸಂಸ್ಥೆಯ ಇನ್ನೊಂದು ನೆಲೆ ಖಾರ್ಘರಿನಲ್ಲಿ ಬೆಳೆದಮೇಲೆ ಆ ಆಸೆಗೆ ನವಿಮುಂಬಯಿಯೂ ಸೇರಿಕೊಂಡಿತು. ರಾಯಚೂರು, ಕಲಬುರಗಿಗಳ ರೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಕಲ್ಯಾಣದಲ್ಲಿ ಇಳಿಯುತ್ತಾನೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಬಳಿಕ ಉಡುಪಿ, ಕುಂದಾಪುರ, ಕಾರವಾರಗಳ ರೋಗಿ ಮತ್ಸ್ಯಗಂಧದಲ್ಲಿ ಪನ್ವೇಲಿಗೋ ಥಾಣೆಗೋ ಬಂದು ತಲುಪುತ್ತಾನೆ. ಇಬ್ಬರ ಕೈಯಲ್ಲಿಯೂ ಒಂದೇ ಬಗೆಯ ಚೀಲ. ಅದರಲ್ಲಿ ಸ್ಕ್ಯಾನಿನ ಫಿಲ್ಮು, ಸಿಡಿ, ಮಂಗಳೂರಿನದೋ ಸೊಲ್ಲಾಪುರದ್ದೋ ಡಿಸ್ಚಾರ್ಜ್ ಕಾಗದ, ಮತ್ತು ಬಯಾಪ್ಸಿಯ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿದ, ಬೆರಳಗಲದ ಆ ‘ಬ್ಲಾಕು’. ಅದನ್ನು ತಾರದೆ ಬಂದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವನು ಬಂದ ದಾರಿಯಲ್ಲೇ ಒಮ್ಮೆ ಹಿಂದಕ್ಕೆ ಹೋಗಿಬರಬೇಕು.

ಈಗ ಲಕ್ಷಣವಿಚಾರ. ‘ಒಂದೇ ರೋಗಿಯ ದೇಹವನ್ನು ಆಶ್ರಯಿಸಿಕೊಂಡು, ಅನೇಕ ವೈದ್ಯರಲ್ಲಿ ಪ್ರತ್ಯೇಕಪ್ರತ್ಯೇಕವಾಗಿ ಇರತಕ್ಕ, ಕಾಲದೇಶಗಳಿಂದ ಪರಿಚ್ಛಿನ್ನವಾದ, ಶುಲ್ಕಪೂರ್ವಕವಾದ ದರ್ಶನಾವಕಾಶವೇ ಅಪಾಯಿಂಟ್‌ಮೆಂಟು’ ಎಂದು ನಾವು ಲಕ್ಷಣವನ್ನು ಹೇಳುತ್ತೇವೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಇರಕೂಡದೆಂದು ತಾರ್ಕಿಕರ ಮತ. ಮೊದಲಿನ ಎರಡನ್ನು ಹೇಗೋ ಪರಿಹರಿಸಿದ್ದೇವೆ. ಮೂರನೆಯದಾದ ಅಸಂಭವವು ಉಳಿದುಕೊಂಡಿದೆ. ಏಕೆಂದರೆ ಅದು ಲಕ್ಷಣದ ದೋಷವಲ್ಲ, ಲಕ್ಷ್ಯದ ಸ್ವಭಾವ.

ಪೂರ್ವಮೀಮಾಂಸಕರ ಕರ್ಮದಂತೆ ಅಪಾಯಿಂಟ್‌ಮೆಂಟೂ ನಿತ್ಯ, ನೈಮಿತ್ತಿಕ, ಕಾಮ್ಯ, ನಿಷಿದ್ಧವೆಂದು ನಾಲ್ಕು ವಿಧ. ಮಾಡಿದರೆ ವಿಶೇಷ ಫಲವಿಲ್ಲದೆ, ಮಾಡದಿದ್ದರೆ ಮಾತ್ರ ಪ್ರತ್ಯವಾಯವನ್ನು ತರತಕ್ಕ ಸಕ್ಕರೆ ಹಾಗೂ ರಕ್ತದೊತ್ತಡಗಳ ತಪಾಸಣೆ ನಿತ್ಯ. ಕಿಮೊಥೆರಪಿಯ ನಡುವೆ ಜ್ವರವೆಂಬ ನಿಮಿತ್ತ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ. ದೊಡ್ಡ ಹೆಸರಿನ ವೈದ್ಯರು ಶನಿವಾರ ಸಂಜೆ ಮಾತ್ರ ದಕ್ಷಿಣ ಮುಂಬಯಿಯಿಂದ ಥಾಣೆಗೆ ದಯಮಾಡಿಸುವರೆಂದು ಕೇಳಿ ಇಚ್ಛೆಪಟ್ಟು ಪಡೆಯುವುದು ಕಾಮ್ಯ. ನಾಲ್ಕನೆಯದನ್ನು ವಿವರಿಸಬೇಕೆನ್ನುವಷ್ಟರಲ್ಲಿ ಒಳಗಿನಿಂದ ಟೋಕನ್ ಸಂಖ್ಯೆ ಕೂಗಿದರು. ನಾಲ್ಕನೆಯದು ಹಾಗೇ ಇರಲಿ.

ಇನ್ನು ದೇಶಕಾಲವಿಚಾರ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟು ದೇಶದ ಮೊತ್ತಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಆ ಐತಿಹ್ಯವನ್ನು ನೆನೆದು ಪುಳಕಗೊಳ್ಳಲು ಥಾಣೆಯ ಸೇತುವೆಯ ಮೆಟ್ಟಿಲುಗಳು ಪ್ರಶಸ್ತವಾದ ಸ್ಥಳ. ಅಲ್ಲಿ ಒಂದು ಕೈಯಲ್ಲಿ ಫೈಲನ್ನೂ ಇನ್ನೊಂದು ಕೈಯಲ್ಲಿ ವೃದ್ಧರ ಮೊಣಕೈಯನ್ನೂ ಹಿಡಿದು, ಡೊಂಬಿವಲಿಯ ಲೋಕಲಿನಿಂದ ಇಳಿದು ನವಿಮುಂಬಯಿಯ ಲೋಕಲಿಗೆ ಹತ್ತಬೇಕಾದವನು ಹೇಗೂ ನಿಲ್ಲಲೇಬೇಕಾಗುತ್ತದೆ. ಥಾಣೆಗೂ ವಾಶಿಗೂ ನಡುವಣ ಈ ಮಾರ್ಗ 2004ರಲ್ಲಿ ತೆರೆಯಿತೆಂಬುದು ನಮ್ಮ ಶಾಸ್ತ್ರದ ಮಟ್ಟಿಗೆ ಯುಗಾಂತರ. ಹೃದ್ರೋಗತಜ್ಞರು ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಥಾಣೆಯಲ್ಲಿ. ಮೂತ್ರಪಿಂಡದವರು ಬುಧವಾರ ಸಂಜೆ ಕಲ್ಯಾಣದಲ್ಲಿ. ಶಸ್ತ್ರವೈದ್ಯರು ಗುರುವಾರ ಬೆಳಿಗ್ಗೆಯೇ ನವಿಮುಂಬಯಿಯಲ್ಲಿ. ಆ ನವಿಮುಂಬಯಿಯ ಆಸ್ಪತ್ರೆಯ ಗೋಡೆಯ ಮೇಲೆ ‘ರೋಗಿಕೇಂದ್ರಿತ ಬಹುಶಿಸ್ತೀಯ ಸಮಗ್ರ ಆರೈಕೆ’ ಎಂದು ಹಿತ್ತಾಳೆಯ ಅಕ್ಷರಗಳುಂಟು. ಕೇಂದ್ರವೆಂಬುದು ಚಲಿಸಬಾರದೆಂದು ನಾವು ಶಾಲೆಯಲ್ಲಿ ಓದಿದ್ದೆವು. ಇಲ್ಲಿ ಪರಿಧಿಯಲ್ಲಿರುವವರೆಲ್ಲರೂ ಸ್ವಸ್ಥಾನದಲ್ಲಿ ಕುಳಿತಿದ್ದು, ಕೇಂದ್ರವೊಂದೇ ಮುಂಬ್ರಾ, ಕಳವಾಗಳನ್ನು ಹಾದು ತಿರುಗುತ್ತಿರುತ್ತದೆ.

ಕಾಲದ ವಿಷಯದಲ್ಲಿ ವೈದ್ಯಶಾಸ್ತ್ರಕ್ಕೂ ರೈಲ್ವೆಶಾಸ್ತ್ರಕ್ಕೂ ಇರುವ ವಿರೋಧ ಸಮನ್ವಯಕ್ಕೆ ಸಿಕ್ಕತಕ್ಕದ್ದಲ್ಲ. 2024ರ ನವೆಂಬರಿನಿಂದ ಮುಂಗಡ ಟಿಕೆಟನ್ನು ಅರವತ್ತು ದಿನ ಮೊದಲು ತೆಗೆಸಬಹುದು. ಊರ ಕಡೆಯ ಗಾಡಿಗಳಲ್ಲಿ ಆಗಲೇ ತೆಗೆಸದವನಿಗೆ ಸ್ಥಳ ದುರ್ಲಭ. ವೈದ್ಯರಾದರೋ ಮುಂದಿನ ವಾರದ ಸಂಗತಿಯನ್ನೂ ‘ರಿಪೋರ್ಟು ಬರಲಿ, ನೋಡೋಣ’ ಎಂಬ ಅನಿರ್ವಚನೀಯದಲ್ಲಿ ನಿಲ್ಲಿಸುತ್ತಾರೆ. ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ರೈಲ್ವೆ ಪೂರ್ಣ ವಿನಾಯಿತಿಯನ್ನೂ ಜೊತೆಗಾರನಿಗೆ ಮುಕ್ಕಾಲು ಪಾಲನ್ನೂ ಕೊಡುತ್ತದೆಂಬುದು ಸತ್ಯ ಮತ್ತು ಸ್ತುತ್ಯ. ಆದರೆ ಅದಕ್ಕೆ ಬೇಕಾದ ಕಾಗದಕ್ಕೆ ಆಸ್ಪತ್ರೆಯಲ್ಲಿ ರುಜು ಬೀಳಬೇಕು, ರುಜು ಹಾಕುವವರು ವಾರ್ಡಿಗೆ ಹೋಗಿರುತ್ತಾರೆ. ತತ್ಕಾಲ್ ಟಿಕೆಟಿನ ಕಿಟಕಿ ಹವಾನಿಯಂತ್ರಿತ ದರ್ಜೆಗೆ ತೆರೆಯುವುದು ಬೆಳಿಗ್ಗೆ ಹತ್ತು ಗಂಟೆಗೆ. ಓಪಿಡಿಯ ಕಿಟಕಿಯ ಮುಂದೆ ನಮ್ಮ ಸರದಿ ಬರುವುದೂ ಆ ಹತ್ತಕ್ಕೇ.

ತರ್ಕದಲ್ಲಿ ಅನ್ಯೋನ್ಯಾಶ್ರಯ, ಚಕ್ರಕ, ಅನವಸ್ಥೆ ಎಂಬ ಮೂರು ದೋಷಗಳನ್ನು ಹೇಳುತ್ತಾರಷ್ಟೆ. ಮೂರಕ್ಕೂ ಉದಾಹರಣೆ ಕುಂದಾಪುರದ ನಮ್ಮ ಮಾವನ ದೇಹದಲ್ಲಿಯೇ ದೊರೆತದ್ದು ಶಾಸ್ತ್ರದ ಭಾಗ್ಯ. ಅವರ ಹೊಟ್ಟೆಯಲ್ಲಿ ಗಡ್ಡೆ, ಹೃದಯದ ನಾಳದಲ್ಲಿ ಸ್ಟೆಂಟು, ಬಹುಕಾಲದ ಸಕ್ಕರೆಕಾಯಿಲೆ, ಅದರಿಂದ ದುರ್ಬಲಗೊಂಡ ಮೂತ್ರಪಿಂಡ. ರಕ್ತವನ್ನು ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಬಹುದೆಂದು ಹೃದಯದವರು ಬರೆದುಕೊಟ್ಟ ಹೊರತು ತಾವು ಕತ್ತಿ ಹಿಡಿಯಲಾರೆವೆಂದರು ಶಸ್ತ್ರವೈದ್ಯರು. ಯಾವ ಶಸ್ತ್ರಕ್ರಿಯೆ, ಎಷ್ಟು ದೊಡ್ಡದು ಎಂಬುದನ್ನು ಅವರು ಬರೆದುಕೊಟ್ಟ ಹೊರತು ಫಿಟ್‌ನೆಸ್ ಕೊಡಲಾರೆವೆಂದರು ಹೃದಯದವರು. ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಬಣ್ಣದ ಔಷಧಿ ಚುಚ್ಚಿ ಸ್ಕ್ಯಾನ್ ಆಗಬೇಕು. ಆ ಔಷಧಿ ಮೂತ್ರಪಿಂಡಕ್ಕೆ ಅಪಾಯಕರವಾದಕಾರಣ ಅದರ ತಜ್ಞರ ಅನುಮತಿ ಬೇಕು. ಶಸ್ತ್ರಕ್ರಿಯೆ ನಿಶ್ಚಯವೆಂದಾದರೆ ಮಾತ್ರ ಆ ಅಪಾಯವನ್ನು ಒಪ್ಪಬಹುದೆಂದರು ತಜ್ಞರು. ನಿಶ್ಚಯವೋ ಅಲ್ಲವೋ ಎಂಬುದು ಸ್ಕ್ಯಾನ್ ಇಲ್ಲದೆ ಹೇಗೆ ಹೇಳೋಣವೆಂದರು ಶಸ್ತ್ರವೈದ್ಯರು. ಗಮನಿಸಬೇಕಾದ್ದೆಂದರೆ, ಇವರಲ್ಲಿ ಯಾರ ಮಾತೂ ತಪ್ಪಲ್ಲ. ಪ್ರತಿಯೊಬ್ಬರೂ ಸಜ್ಜನರು, ವಿದ್ವಾಂಸರು, ಊಟಕ್ಕೆ ಏಳಲೂ ಬಿಡುವಿಲ್ಲದವರು. ಒಬ್ಬರು ಇನ್ನೊಬ್ಬರಿಗೆ ಒಂದು ಫೋನು ಮಾಡಿದ್ದರೆ ಚಕ್ರ ಅಲ್ಲಿಗೆ ಮುರಿಯುತ್ತಿತ್ತು. ಮಾಡಲಿಲ್ಲ, ಫೋನಿನ ಬದಲಾಗಿ ನಾವಿದ್ದೆವು. ಎಲ್ಲ ವರದಿಗಳ ಕೊನೆಯಲ್ಲಿಯೂ ‘ಕ್ಲಿನಿಕಲ್ ಕೋರಿಲೇಷನ್ ಸೂಚಿಸಲಾಗಿದೆ’ ಎಂಬ ಮಹಾವಾಕ್ಯವೊಂದಿರುತ್ತದೆ. ಹೀಗೆ ತಾಳೆ ನೋಡತಕ್ಕವರು ಯಾರೆಂದು ಭಾಷ್ಯಕಾರರಲ್ಲಿ ಒಮ್ಮತವಿಲ್ಲವಾದರೂ, ಅನುಭವದಿಂದ ಸಿದ್ಧವಾಗುವುದೇನೆಂದರೆ, ತಾಳೆ ನೋಡುವವನು ವಾಣಿಜ್ಯಪದವೀಧರನಾದ ಸೋದರಳಿಯ.

ಕಡೆಗೂ ಅನುಮತಿ ದೊರೆತು ಸ್ಕ್ಯಾನಿನ ದಿನ ಬಂತು. ಮಾವ ಹಿಂದಿನ ರಾತ್ರಿಯಿಂದ ನೀರು ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯವರು ಫೈಲು ತಿರುವಿ, ರಕ್ತದ ಕ್ರಿಯಾಟಿನಿನ್ ವರದಿ ಹಳೆಯದು, ಹೊಸದಾಗಿ ಮಾಡಿಸಿ ‘ಉದ್ಯಾ ಯಾ’, ಎಂದರೆ ನಾಳೆ ಬನ್ನಿ, ಎಂದರು. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ದೆವ್ವ ಒಳಗೆ ಬಾರದಿರಲೆಂದು ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಕಿಟಕಿಯ ಒಳಗಿನವರಿಗೆ ನಾವಿಬ್ಬರು ಹೇಗೆ ಕಂಡೆವೋ. ಮಾವನ ಹಣೆಯಲ್ಲಿ ಬೆವರೊಡೆದಿತ್ತು, ಕೈ ನಡುಗುತ್ತಿತ್ತು. ಚಹದ ಅಂಗಡಿಯಿಂದ ಸಕ್ಕರೆ ತಂದು ಬಾಯಿಗೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು, ‘ಮಾಣಿ, ಈಗಾರೂ ಗಂಜಿ ಉಂಬುಕಕ್ಕಾ?’ ಎಂದು ಕೇಳಿದರು. ಎಪ್ಪತ್ತು ದಾಟಿದ ಮನುಷ್ಯ, ಗದ್ದೆ ಮನೆ ಆಳಿದವರು, ಗಂಜಿ ಉಣ್ಣಲು ನನ್ನ ಅಪ್ಪಣೆ ಕೇಳುತ್ತಿದ್ದರು. ವರದಿ ಇಷ್ಟು ದಿನದೊಳಗಿನದಾಗಿರಬೇಕೆಂದು ಮೊದಲ ದಿನವೇ ಚೀಟಿಯಲ್ಲಿ ಒಂದು ಸಾಲು ಬರೆಯಲು ಯಾವ ಸೂಪರ್ ಸ್ಪೆಷಾಲಿಟಿ ಬೇಕು? ಸಕ್ಕರೆಕಾಯಿಲೆಯವರನ್ನು ಬೆಳಿಗ್ಗೆ ಮೊದಲಿಗೆ ಕರೆಯಲು ಯಾವ ಯಂತ್ರ ಬೇಕು? ಮರುದಿನವೂ ಅವರು ಉಪವಾಸವಿದ್ದರು, ಒಂದು ಮಾತೂ ಆಡದೆ. ನನಗೆ ಈ ಹೊತ್ತಿಗೂ ಆ ಕಿಟಕಿಯ ಮೇಲೆ ಸಿಟ್ಟಿದೆ. ಅದನ್ನು ಪೂರ್ವಪಕ್ಷ, ಸಿದ್ಧಾಂತ ಎಂಬ ವೇಷ ಹಾಕಿ ಆಡಿಸುವ ಉತ್ಸಾಹ ಈಗ ಉಳಿದಿಲ್ಲ.

ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಎಂಬ ಗುಣಗಳನ್ನು ವಿಧಿಸಿದ. ಅವನ ಲೆಕ್ಕದಲ್ಲಿ ವೈದ್ಯ ಏಕವಚನ. ವೈದ್ಯ ಬಹುವಚನವಾದಾಗ ಐದನೆಯ ಪಾದವೊಂದು ಬೇಕಾಗುತ್ತದೆಂಬುದನ್ನು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಶಸ್ತ್ರವೈದ್ಯರು ಕಂಡುಕೊಂಡು, ಬಡ ಕ್ಯಾನ್ಸರ್ ರೋಗಿಗಳ ಕೈಹಿಡಿದು ದಾರಿ ತೋರಿಸತಕ್ಕ ಜನರನ್ನು 1990ರಲ್ಲಿ ನೇಮಿಸಿದರು. ನಮ್ಮಲ್ಲಿಯೂ ಟಾಟಾ ಸ್ಮಾರಕ ಕೇಂದ್ರವು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಜೊತೆಗೂಡಿ, ರಾಮನನ್ನು ಹೊಳೆ ದಾಟಿಸಿದ ಅಂಬಿಗನ ಹೆಸರಿನಲ್ಲಿ ‘ಕೇವಟ್’ ಎಂಬ ಶಿಕ್ಷಣಕ್ರಮವನ್ನು ಕಟ್ಟಿ, ರೋಗಿಗಳಿಗೆ ದಾರಿತೋರುವವರನ್ನು ತಯಾರುಮಾಡಿದೆ. ಇದು ಆಗತಕ್ಕ ಕೆಲಸ, ಆಗಬಲ್ಲ ಕೆಲಸ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ಆಸ್ಪತ್ರೆಗಳ ಧಣಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಗೋಡೆಯ ಮೇಲಣ ಹಿತ್ತಾಳೆಯ ಅಕ್ಷರಗಳನ್ನು ಮಾರಿ ಬಂದ ಹಣದಲ್ಲಾದರೂ, ರೋಗಿಯ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ನಾಲ್ವರು ವೈದ್ಯರಿಗೆ ತಾನೇ ಫೋನು ಮಾಡತಕ್ಕ ಒಬ್ಬರನ್ನು ಒಂದು ಕುರ್ಚಿಯಲ್ಲಿ ಕೂರಿಸಿ.

ಅಲ್ಲಿಯವರೆಗೆ, ಊರಿನಿಂದ ಹೊರಡುವ ವಾಚಕರು ಬ್ಲಾಕನ್ನೂ ಸ್ಲೈಡುಗಳನ್ನೂ ಮರೆಯದೆ ತನ್ನಿ; ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಸಿಕೊಂಡು ಫೈಲಿನ ಮೇಲ್ಗಡೆ ಇಡಿ; ಉಪವಾಸವೆಂದು ಯಾರಾದರೂ ಹೇಳಿದರೆ, ಎಷ್ಟು ಗಂಟೆಯಿಂದ, ಸಕ್ಕರೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಏನು ಮಾಡಬೇಕು, ರಕ್ತದ ವರದಿ ಎಷ್ಟು ದಿನದೊಳಗಿನದಿರಬೇಕು ಎಂಬ ಮೂರನ್ನೂ ಬರೆಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ.