ಸಾಲು-ಸಾಲ ವಿಚಾರ: ಒಂದು ಫಾರ್ಮ್ ಮೀಮಾಂಸೆ

'ಸಾಲು ಸೇರಿಸಿ' ಗುಂಡಿ ಒತ್ತಿದಷ್ಟೂ ಸಾಲು ಹುಟ್ಟುವ ವೆಬ್ ಫಾರ್ಮಿನಲ್ಲಿ ಸಾಲಿಗೆ ಗುರುತು ಅದು ಕೂತ ಜಾಗದಿಂದ ಬರುತ್ತದೆಯೋ, ಇಟ್ಟ ಹೆಸರಿನಿಂದಲೋ? ಹೆಸರಿನಿಂದಲೇ ಎಂಬುದು ಸಿದ್ಧಾಂತ. ದೃಷ್ಟಾಂತಕ್ಕೆ ಕಿರಾಣಿ ಲೆಕ್ಕ: ಅಕ್ಕಿ, ಬೇಳೆ, ಬೆಲ್ಲ, ಪಕ್ಕದಲ್ಲಿ ತೂಕ, ಪ್ರತಿ ಸಾಲಿನ ಕೊನೆಗೆ 'ಬಾಕಿ' ಎಂಬ ಚೆಕ್‌ಬಾಕ್ಸ್. ಬೆಲ್ಲಕ್ಕೆ ಮಾತ್ರ ಟಿಕ್ ಬಿದ್ದಿದೆ. ಪಿಎಚ್‌ಪಿ ಪಂಥದವರು ಖಾನೆಯ ಹೆಸರಿನ ಮುಂದೆ ಖಾಲಿ ಚೌಕಾವರಣ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಆದರೆ ಟಿಕ್ ಇಲ್ಲದ ಚೆಕ್‌ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ. ಅಭಾವವನ್ನು ಅರಿಯಲು ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಉಂಟೆನ್ನುವವರು ಭಾಟ್ಟ ಮೀಮಾಂಸಕರು, ಇಲ್ಲವೆನ್ನುವವರು ಪ್ರಾಭಾಕರರು. ಬ್ರೌಸರ್ ಅಪ್ಪಟ ಪ್ರಾಭಾಕರ. ಹೀಗಾಗಿ ಮೂರು ಪದಾರ್ಥ, ಮೂರು ತೂಕ, ಒಂದೇ ಬಾಕಿ ಸರ್ವರ್ ಮುಟ್ಟುತ್ತವೆ. ಆ ಒಂಟಿ ಬಾಕಿ ಸೊನ್ನೆಯ ಜಾಗದಲ್ಲಿ ಕೂರುತ್ತದೆ. ಸೊನ್ನೆಯ ಜಾಗ ಅಕ್ಕಿಯದು. ಬೆಲ್ಲದ ಸಾಲ ಅಕ್ಕಿಯ ತಲೆಗೆ! (ಸಾಲು, ಸಾಲಗಳ ನಡುವೆ ಒಂದೇ ಉಕಾರದ ಅಂತರವಿರುವುದು ಆಕಸ್ಮಿಕವೆಂದು ವೈಯಾಕರಣರು ಹೇಳಿಯಾರು, ಲೆಕ್ಕ ಬರೆಯುವವರು ಒಪ್ಪಲಾರರು.)

ಪೂರ್ವಪಕ್ಷಿ ಹೇಳುತ್ತಾನೆ: ಪರದೆಯ ಮೇಲಿನ ಸಾಲುಗಳನ್ನು ಎಣಿಸಿ, ಬಂದ ಸಂಖ್ಯೆಯನ್ನೇ ಹೊಸ ಸಾಲಿಗೆ ಹೆಸರಾಗಿ ಇಟ್ಟರಾಯಿತಲ್ಲ? ಆಗಲಿ. ಸೊನ್ನೆ, ಒಂದು, ಎರಡರಲ್ಲಿ ಬೇಳೆಯನ್ನು ಅಳಿಸಿ. ಉಳಿದವು ಎರಡು, ಹೊಸದಾಗಿ ಬಂದ ಉಪ್ಪಿನ ಹೆಸರೂ 'ಎರಡು'. ಅದು ಬೆಲ್ಲದ ಹೆಸರು. ಕೊನೆಗೆ ಬಂದವನೇ ಗೆಲ್ಲುವುದು ಪಿಎಚ್‌ಪಿ ಧರ್ಮವಾದ್ದರಿಂದ ಬೆಲ್ಲ ಅಳಿದು ಉಪ್ಪು ಉಳಿಯುತ್ತದೆ. ಟಿಕ್ ಕಾಣದ ಉಪ್ಪು ತನ್ನ ಬಾಕಿಯ ಸುದ್ದಿಯನ್ನೇ ಎತ್ತದ ಕಾರಣ, ಬೆಲ್ಲದ ಸಾಲ ಅದಕ್ಕೆ ಪಿತ್ರಾರ್ಜಿತವಾಗಿ ಬರುತ್ತದೆ. ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡಬಹುದು, ಬದುಕಿರುವ ಚಿಕ್ಕಪ್ಪನದನ್ನಲ್ಲ. ಫಾರ್ಮಿನಲ್ಲಂತೂ ಅಜ್ಜನದೂ ಬೇಡ: ಎಣಿಕೆ ಏರುತ್ತಲೇ ಹೋಗಲಿ, ಅಳಿದ ಸಂಖ್ಯೆ ಮತ್ತೆ ಹುಟ್ಟದಿರಲಿ.

ಒಂದು ಸಾಲಿನ ತಪ್ಪಿಗೆ ಉಳಿದವನ್ನೇಕೆ ತಡೆಹಿಡಿಯಬೇಕು, ಸರಿಯಿದ್ದಷ್ಟನ್ನು ಉಳಿಸಬಾರದೇ ಎಂಬುದು ಮತ್ತೊಂದು ಆಕ್ಷೇಪ. ಹಾಗೆ ಉಳಿಸಿದರೆ, ಮೂರನೆಯ ಸಾಲನ್ನು ತಿದ್ದಿ ಮತ್ತೆ ಒತ್ತಿದಾಗ ಮೊದಲೆರಡು ಡೇಟಾಬೇಸಿಗೆ ಎರಡೆರಡು ಸಲ ಇಳಿಯುತ್ತವೆ. ಪಂಕ್ತಿ ಊಟದಲ್ಲಿ ಎಲ್ಲರೂ ಒಟ್ಟಿಗೇ ಏಳುವ ನಿಯಮವನ್ನು ಡೇಟಾಬೇಸ್‌ನವರು ಟ್ರಾನ್ಸಾಕ್ಷನ್ನಿನ ಅಟಾಮಿಸಿಟಿ ಎನ್ನುತ್ತಾರೆ. 1983ರಲ್ಲಿ ಹೆರ್ಡರ್ ಮತ್ತು ರಾಯ್ಟರ್ 'ಆಸಿಡ್' ಎಂಬ ಹೆಸರು ಕಟ್ಟಿದಾಗ ಮೊದಲ ಅಕ್ಷರ ಮೀಸಲಾದದ್ದು ಇದಕ್ಕೇ. ಆದರೆ ಪಂಕ್ತಿಗೆ ಬಂದವರನ್ನಷ್ಟೇ ಅದು ಕಾಯಬಲ್ಲದು. ಪಿಎಚ್‌ಪಿ 2012ರಿಂದ ಒಂದು ಸಲಕ್ಕೆ 1000 ಖಾನೆಗಳನ್ನಷ್ಟೇ ಒಳಬಿಡುತ್ತದೆ, ಮಿತಿ ಹೆಚ್ಚಿಸದಿದ್ದರೆ. ಸಾಲಿಗೆ ಐದು ಖಾನೆಯಾದರೆ 200 ಸಾಲಿಗೇ ಬಾಗಿಲು ಹಾಕುತ್ತದೆ. 201ನೆಯ ಸಾಲು ಹೊರಗೆ ನಿಂತಿರುವಾಗಲೇ, ಒಳಗೆ ಎಲ್ಲರ ಊಟವಾಯಿತೆಂದು ಕಮಿಟ್ ಡೇಗುತ್ತದೆ.